ಬೇಡಿ ತೊಡದೆ ದಡ ಮುಟ್ಟಿದ 124 ಮಂದಿ

ಹೈದರಾಬಾದಿನ ಮಲಕ್‌ಪೇಟೆಯಿಂದ ದಿಲ್‌ಸುಖ್‌ನಗರದ ಕಡೆಗೆ ಮೆಟ್ರೊ ರೈಲು ಹತ್ತಿದವರಿಗೆ ದಾರಿಯಲ್ಲಿ ಮೂಸಾರಾಂಬಾಗ್ ನಿಲ್ದಾಣ ಸಿಗುತ್ತದೆ. ಕಾಚಿಗುಡದ ಕನ್ನಡಿಗರಿಗೂ, ಕೆಲಸಕ್ಕೆಂದು ಬೀದರ, ಕಲಬುರಗಿ, ರಾಯಚೂರಿನಿಂದ ಬಂದು ಹೋಗುವವರಿಗೂ ಅದು ಕೇಳಿ ಕೇಳಿ ಬಳಕೆಯಾದ ಹೆಸರು. ಆ ಹೆಸರಿನೊಳಗೆ ಪ್ರವಾದಿ ಮೂಸಾನೂ ಇಲ್ಲ, ರಾಮನೂ ಇಲ್ಲ. ಇರುವವನು ಫ್ರಾನ್ಸಿನ ಗ್ಯಾಸ್ಕನಿ ಸೀಮೆಯಲ್ಲಿ 1755ರಲ್ಲಿ ಹುಟ್ಟಿದ ಮಿಶೆಲ್ ಜೋಕಿಮ್ ರೇಮಂಡ್. ‘ಮೊಸ್ಯೆ ರೇಮಂಡ್’ ಎಂಬುದು ಊರ ಮಂದಿಯ ನಾಲಗೆಗೆ ಹೊರಳಲಿಲ್ಲ. ಮುಸಲ್ಮಾನರು ಅವನನ್ನು ಮೂಸಾ ರಹೀಂ ಎಂದರು, ಹಿಂದೂಗಳು ಮೂಸಾ ರಾಮ್ ಎಂದರು. ಹತ್ತಿರದ ಅಸ್ಮಾನ್‌ಗಢದ ದಿಬ್ಬದ ಮೇಲೆ ಅವನ ಸಮಾಧಿ ಇದೆ. ಅಲ್ಲಿ ನಿಂತ ಗ್ರಾನೈಟ್ ಸ್ತಂಭದ ಮೇಲೆ ಅವನ ಹೆಸರಿನ ಮೊದಲಕ್ಷರಗಳಾದ ಜೆ.ಆರ್. ಬಿಟ್ಟರೆ ಹೆಚ್ಚೇನೂ ಇಲ್ಲ.

ರೇಮಂಡ್ ಸತ್ತದ್ದು 1798ರ ಮಾರ್ಚ್ 25ರಂದು. ಆಮೇಲೆ ಏಳು ತಿಂಗಳು ಕಳೆಯುವಷ್ಟರಲ್ಲಿ ಅವನು ಕಟ್ಟಿದ ಸೈನ್ಯ ಒಂದೇ ಬೆಳಗಿನಲ್ಲಿ ಕರಗಿತು. ಅದರ 124 ಫ್ರೆಂಚ್ ಅಧಿಕಾರಿಗಳು ಇಂಗ್ಲಿಷರ ವಶವಾದರು. ಆ ಹೊತ್ತಿಗೆ ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ ನಡೆದು ಐದು ವರ್ಷವಾಗಿತ್ತು. ಹೀಗೆ ಸಿಕ್ಕ ಫ್ರೆಂಚರಿಗೆ ಕಾದಿದ್ದ ಜಾಗ ಯಾವುದೆಂದು ಎಲ್ಲರಿಗೂ ಗೊತ್ತಿತ್ತು: ಪೋರ್ಟ್ಸ್‌ಮತ್, ಪ್ಲಿಮತ್‌ನಂತಹ ಬಂದರು ನಗರಗಳ ಸೆರೆಮನೆಗಳು, ಕೆಸರಿನಲ್ಲಿ ಲಂಗರು ಹಾಕಿದ ಸೆರೆಹಡಗುಗಳು. ಹೈದರಾಬಾದಿನ ಈ 124 ಮಂದಿ ಮಾತ್ರ ಅಲ್ಲಿಗೆ ಹೋಗಲಿಲ್ಲ.

ರೇಮಂಡ್ ಪುದುಚೇರಿಗೆ ಬಂದದ್ದು 1775ರಲ್ಲಿ, ವ್ಯಾಪಾರಕ್ಕೆಂದು. ವ್ಯಾಪಾರ ಬಿಟ್ಟು ಕತ್ತಿ ಹಿಡಿದ. ಮೈಸೂರಿನ ಸೇವೆಯಲ್ಲಿದ್ದ ಫ್ರೆಂಚ್ ದಳದಲ್ಲಿ ಕೆಲವು ಕಾಲ ಇದ್ದು, 1783ರಲ್ಲಿ ಫ್ರೆಂಚ್ ಸೇನಾನಿ ಬುಸ್ಸಿಯ ಸಹಾಯಕನಾದ. ಬುಸ್ಸಿ ತೀರಿಕೊಂಡ ಮೇಲೆ ಹೈದರಾಬಾದಿನ ದೊರೆ ನಿಜಾಮ್ ಅಲಿ ಖಾನನ ಬಳಿ ಚಾಕರಿ ಹಿಡಿದ. ಮೊದಲಿಗೆ ಅವನ ಕೈಕೆಳಗಿದ್ದದ್ದು 300 ಜನ. ಅವರ ಕೈಯಲ್ಲಿದ್ದ ಬಂದೂಕುಗಳೂ ಸ್ವಂತದ್ದಲ್ಲ. ಒಬ್ಬ ಫ್ರೆಂಚ್ ವ್ಯಾಪಾರಿಯಿಂದ ಬಂದೂಕೊಂದಕ್ಕೆ ತಿಂಗಳಿಗೆ ಎಂಟಾಣೆ ಬಾಡಿಗೆಯಂತೆ ತಂದವು. ಹತ್ತು ಹನ್ನೆರಡು ವರ್ಷಗಳಲ್ಲಿ ಆ ಬಾಡಿಗೆ ಬಂದೂಕಿನ ತುಕಡಿ 14,000ದಷ್ಟು ಸಿಪಾಯಿಗಳ ಸೈನ್ಯವಾಗಿ ಬೆಳೆಯಿತು. ಅದಕ್ಕೆ ಬೇಕಾದ ತೋಪುಗಳನ್ನು ನಗರದಲ್ಲೇ ಎರಕ ಹೊಯ್ಯಲಾಗುತ್ತಿತ್ತು. ಫತೇ ಮೈದಾನದ ಬಳಿಯ ಆ ಎರಕದ ಮನೆಯನ್ನು ಜನ ‘ತೋಪ್ ಕಾ ಸಾಂಚಾ’ ಎಂದರು. ಇವತ್ತು ಆ ಬಡಾವಣೆಗೆ ಗನ್‌ಫೌಂಡ್ರಿ ಎಂದೇ ಹೆಸರು.

ಸೈನ್ಯ ಬೆಳೆದದ್ದು ನಿಜಾಮನ ಕಷ್ಟದಲ್ಲಿ. 1795ರ ಮಾರ್ಚ್‌ನಲ್ಲಿ ಖರ್ಡಾದಲ್ಲಿ ಮರಾಠರ ಎದುರು ನಿಜಾಮ ಸೋತ. ಇಂಗ್ಲಿಷರ ಗವರ್ನರ್ ಜನರಲ್ ಜಾನ್ ಶೋರ್ ನೆರವಿಗೆ ಬರಲಿಲ್ಲ. ಸೋಲಿನ ಒಪ್ಪಂದದಂತೆ ನಿಜಾಮ ತನ್ನ ದಿವಾನ ಅರಸ್ತು ಜಾಹನನ್ನೇ ಒತ್ತೆಯಾಳಾಗಿ ಪುಣೆಗೆ ಕಳಿಸಬೇಕಾಯಿತು. ಅದೇ ವರ್ಷ ನಿಜಾಮನ ಮಗ ಅಲಿ ಜಾಹ್ ದಂಗೆ ಎದ್ದು ಬೀದರದ ಕಡೆ ಓಡಿದಾಗ ಬೆನ್ನಟ್ಟಿ ಹೋದವನೂ ರೇಮಂಡನೇ. ಇಂಗ್ಲಿಷರು ಕೈಬಿಟ್ಟ ಹೊತ್ತಿನಲ್ಲಿ ಫ್ರೆಂಚನು ಕೈ ಹಿಡಿದ ಎಂಬ ಭಾವ ದರ್ಬಾರಿನಲ್ಲಿ ಬೇರೂರಿತು. ಸೈನ್ಯದ ಮೇಲೆ ಫ್ರೆಂಚ್ ಕ್ರಾಂತಿಯ ಮೂರು ಬಣ್ಣದ ಬಾವುಟ ಹಾರತೊಡಗಿತು.

ಆ ಬಾವುಟವೇ ಕಲ್ಕತ್ತೆಯಲ್ಲಿ ನಿದ್ದೆ ಕೆಡಿಸಿತು. 1798ರ ಮೇ ತಿಂಗಳಲ್ಲಿ ಹೊಸ ಗವರ್ನರ್ ಜನರಲ್ ಆಗಿ ರಿಚರ್ಡ್ ವೆಲ್ಲೆಸ್ಲಿ ಬಂದಿಳಿದ. ಅದಕ್ಕೆ ತುಸು ಮುಂಚೆ, ಏಪ್ರಿಲ್ ಕೊನೆಗೆ, ಟಿಪ್ಪು ಸುಲ್ತಾನನ ರಾಯಭಾರಿಗಳು ಮಾರಿಷಸ್‌ನಿಂದ ಸುಮಾರು ನೂರು ಫ್ರೆಂಚರನ್ನು ಕರೆದುಕೊಂಡು ಮಂಗಳೂರಿಗೆ ಬಂದಿದ್ದರು. ಜುಲೈನಲ್ಲಿ ನೆಪೋಲಿಯನ್ ಈಜಿಪ್ಟಿನ ನೆಲಕ್ಕೆ ಕಾಲಿಟ್ಟ. ಶ್ರೀರಂಗಪಟ್ಟಣದಲ್ಲಿ ಟಿಪ್ಪು, ಹೈದರಾಬಾದಿನಲ್ಲಿ ರೇಮಂಡನ ದಳ, ಸಮುದ್ರದಾಚೆ ನೆಪೋಲಿಯನ್: ಮೂರೂ ಕಡೆಯಿಂದ ಫ್ರೆಂಚರು ಒಟ್ಟಾಗಿ ಬಂದರೆ ಏನು ಗತಿ ಎಂಬುದು ವೆಲ್ಲೆಸ್ಲಿಯ ಲೆಕ್ಕಾಚಾರ. ಮೈಸೂರಿನ ಮೇಲೆ ಹೋಗುವ ಮೊದಲು ಹೈದರಾಬಾದನ್ನು ಭದ್ರ ಮಾಡಿಕೊಳ್ಳಬೇಕಿತ್ತು.

ಸೆಪ್ಟೆಂಬರ್ 1ರಂದು ನಿಜಾಮನಿಗೂ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಗೂ ಒಪ್ಪಂದವಾಯಿತು. ಹೈದರಾಬಾದಿನಲ್ಲಿ ಕಂಪನಿಯ ಪ್ರತಿನಿಧಿಯಾಗಿದ್ದ ರೆಸಿಡೆಂಟ್ ಜೇಮ್ಸ್ ಅಕಿಲಿಸ್ ಕರ್ಕ್‌ಪ್ಯಾಟ್ರಿಕ್ ಅದನ್ನು ಕುದುರಿಸಿದವನು. ಕಂಪನಿಯ ಆರು ಪಟಾಲಮುಗಳು ಹೈದರಾಬಾದಿನಲ್ಲಿ ನೆಲೆಸುತ್ತವೆ, ಅದಕ್ಕಾಗಿ ನಿಜಾಮ ವರ್ಷಕ್ಕೆ 24,17,100 ರೂಪಾಯಿ ಕೊಡಬೇಕು, ಫ್ರೆಂಚ್ ಅಧಿಕಾರಿಗಳನ್ನು ಚಾಕರಿಯಿಂದ ತೆಗೆಯಬೇಕು. ಅಕ್ಟೋಬರ್ 10ರಂದು ಕರ್ನಲ್ ರಾಬರ್ಟ್ಸ್‌ನ ಕೈಕೆಳಗಿನ ಪಟಾಲಮುಗಳು ನಗರ ತಲುಪಿದವು. ಆದರೂ ನಿಜಾಮ ದಿನ ದೂಡಿದ. ಕಷ್ಟಕಾಲದಲ್ಲಿ ಜೊತೆಗಿದ್ದ ಸೈನ್ಯವನ್ನು ತನ್ನ ಕೈಯಾರೆ ಮುರಿಯುವುದು ಆ ಮುದುಕನಿಗೆ ಸುಲಭದ ಮಾತಾಗಿರಲಿಲ್ಲ. ಕರ್ಕ್‌ಪ್ಯಾಟ್ರಿಕ್ ಪಟ್ಟು ಸಡಿಲಿಸಲಿಲ್ಲ.

ಕೊನೆಗೂ ಆಜ್ಞೆ ಹೊರಬಿತ್ತು. ರೇಮಂಡನ ಜಾಗದಲ್ಲಿದ್ದ ಪಿರೋನ್‌ಗೆ ಎದುರು ನಿಲ್ಲುವ ಮನಸ್ಸಿರಲಿಲ್ಲ. ಆದರೆ ದಂಡಿನ ಪಾಳೆಯದಲ್ಲಿ ಯಾರೂ ಎಣಿಸದ ಬೆಂಕಿ ಹೊತ್ತಿತು. ಸಿಪಾಯಿಗಳ ಸಂಬಳ ಬಾಕಿ ಇತ್ತು. ಅಧಿಕಾರಿಗಳು ಹೋಗಿಬಿಟ್ಟರೆ ಬಾಕಿ ಕೊಡುವವರು ಯಾರು? ಅಕ್ಟೋಬರ್ 21ರಂದು ಸಿಪಾಯಿಗಳೇ ಪಿರೋನ್‌ನನ್ನೂ ಅವನ ಜೊತೆಯವರನ್ನೂ ಹಿಡಿದು ಕೂಡಿಹಾಕಿದರು. ಇಂಗ್ಲಿಷರು ಮುಟ್ಟುವ ಮೊದಲೇ ಆ ಫ್ರೆಂಚರು ತಮ್ಮದೇ ದಂಡಿನ ಕೈದಿಗಳಾಗಿದ್ದರು.

ರೆಸಿಡೆಂಟನ ಸಹಾಯಕನಾಗಿ ಆಗಷ್ಟೇ ಬಂದಿದ್ದ ಜಾನ್ ಮಾಲ್ಕಮ್ ಸಮಾಧಾನ ಹೇಳಲು ಪಾಳೆಯದೊಳಕ್ಕೆ ಹೋದ. ಸಿಟ್ಟಿಗೆದ್ದ ಗುಂಪು ಅವನನ್ನೂ ಮುತ್ತಿತು. ಆ ಗುಂಪಿನಲ್ಲಿ ಒಂದು ಕಾಲಕ್ಕೆ ಕಂಪನಿಯ ಪಟಾಲಮಿನಲ್ಲಿ ಅವನ ಕೈಕೆಳಗಿದ್ದು, ಬಿಟ್ಟು ಬಂದು ಇಲ್ಲಿ ಸೇರಿದ್ದ ಕೆಲವರಿದ್ದರು. ಅವರು ಗುರುತು ಹಿಡಿದರು. ಹಿಂದೆ ತಮ್ಮೊಡನೆ ಒಳ್ಳೆಯವನಾಗಿದ್ದನೆಂಬ ನೆನಪಿಗೆ ಅವನನ್ನು ತಲೆಯ ಮೇಲೆ ಎತ್ತಿಕೊಂಡು ಗುಂಪಿನಿಂದ ಆಚೆ ಸಾಗಿಸಿದರು.

ಮಾರನೆಯ ದಿನ, ಅಕ್ಟೋಬರ್ 22ರ ಬೆಳಗಿಗೆ, ಪಾಳೆಯದ ಮುಂದಿನ ದಿಬ್ಬದ ಮೇಲೆ ರಾಬರ್ಟ್ಸ್‌ನ ದಂಡು, ಹಿಂದೆ ಮೂಸಿ ನದಿಯ ಕಡೆ ಕಂಪನಿಯ ಇನ್ನೊಬ್ಬ ಅಧಿಕಾರಿ ಹೈಂಡ್‌ಮನ್‌ನ ಎರಡು ಪಟಾಲಮು, ಬದಿಯಲ್ಲಿ ನಿಜಾಮನ ಕುದುರೆ ಸವಾರರು. ಎಲ್ಲ ದಿಕ್ಕಿಗೂ ತೋಪಿನ ಬಾಯಿ. ಜೊತೆಗೆ ಒಂದು ಮಾತು: ಶಸ್ತ್ರ ಕೆಳಗಿಟ್ಟವರಿಗೆ ಬಾಕಿ ಸಂಬಳ ಸಿಗುತ್ತದೆ. ಸುಮಾರು 11,000 ಮಂದಿ ಬಂದೂಕು ಬಿಟ್ಟು ಆಚೆ ನಡೆದರು. ಕೆಲವೇ ಗಂಟೆಗಳಲ್ಲಿ ಎಲ್ಲ ಮುಗಿಯಿತು. ಒಂದು ಹನಿ ರಕ್ತವೂ ಬೀಳಲಿಲ್ಲ. ಆ ದಿನ ಹೈದರಾಬಾದನ್ನು ಕಾಪಾಡಿದ್ದರಲ್ಲಿ ತೋಪಿನ ಪಾಲೆಷ್ಟೋ ಸಂಬಳದ ಮಾತಿನ ಪಾಲೂ ಅಷ್ಟೇ ಇತ್ತು.

ಈಗ ಉಳಿದ ಪ್ರಶ್ನೆ 124 ಫ್ರೆಂಚರದ್ದು. ಅವರು ಯಾರು? ಹೈದರಾಬಾದಿಗೂ ಇಂಗ್ಲಿಷರಿಗೂ ಯುದ್ಧವೇ ಇರಲಿಲ್ಲ. ಈ ಮಂದಿ ನಿಜಾಮನ ಸಂಬಳದಾಳುಗಳು. ಆ ಚಾಕರಿಯಲ್ಲಿ ಇಂಗ್ಲಿಷರ ಮೇಲೆ ಒಂದು ಗುಂಡೂ ಹಾರಿಸಿದವರಲ್ಲ. ಆದರೆ ಹುಟ್ಟಿನಿಂದ ಫ್ರೆಂಚರು, ಮತ್ತು ಫ್ರಾನ್ಸ್ ಶತ್ರುದೇಶ. ಅವರನ್ನು ಯುದ್ಧಕೈದಿ ಎಂದು ಬರೆದುಕೊಂಡಿದ್ದರೆ ಯಾರೂ ಆಕ್ಷೇಪಿಸುವಂತಿರಲಿಲ್ಲ. ಕರ್ಕ್‌ಪ್ಯಾಟ್ರಿಕ್ ಹಾಗೆ ಮಾಡಲಿಲ್ಲ. ಅವರ ಸ್ವಂತ ಆಸ್ತಿಪಾಸ್ತಿ ಲೂಟಿಯಾಗದಂತೆ ನೋಡಿಕೊಂಡ, ನಿಜಾಮನಿಂದ ಬರಬೇಕಿದ್ದ ಬಾಕಿಯನ್ನು ಕೊಡಿಸಿದ. ಅವರನ್ನು ಕಲ್ಕತ್ತೆಗೆ ಕಳಿಸಲಾಯಿತು, ಅಲ್ಲಿಂದ ಇಂಗ್ಲೆಂಡಿಗೆ. ಜೊತೆಗೆ ವೆಲ್ಲೆಸ್ಲಿ ಒಂದು ಷರತ್ತು ಹಾಕಿದ: ಇವರನ್ನು ಯುದ್ಧಕೈದಿಗಳಾಗಿ ಇಡಬಾರದು, ಕೈದಿಗಳ ವಿನಿಮಯಕ್ಕೂ ಕಾಯಿಸದೆ ಸೀದಾ ಅವರ ದೇಶಕ್ಕೆ ಕಳಿಸಬೇಕು. ಇಂಗ್ಲೆಂಡಿನಲ್ಲಿ ಆ ಮಾತು ನಡೆಯಿತು. ಅವರು ಊರು ಸೇರಿದರು.

ಆ ಷರತ್ತಿನ ಬೆಲೆ ಏನೆಂದು ತಿಳಿಯಬೇಕಾದರೆ ಪೋರ್ಟ್ಸ್‌ಮತ್ ಬಂದರಿಗೆ ಹೋಗಬೇಕು.

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಈ ಊರು ಅಲ್ಲಿನ ನೌಕಾಬಲದ ಮನೆ. ಇಂಡಿಯಾದತ್ತ ಹೊರಡುವ ಹಡಗುಗಳು ಬೆಂಗಾವಲಿಗಾಗಿ ಕಾಯುತ್ತಿದ್ದ ಸ್ಪಿಟ್‌ಹೆಡ್ ಇದರ ಎದುರಿನ ನೀರು. ವೆಲ್ಲೆಸ್ಲಿಯ ತಮ್ಮ ಆರ್ಥರ್ 1796ರಲ್ಲಿ ಇಂಡಿಯಾಕ್ಕೆ ಹಡಗು ಹತ್ತಿದ್ದೂ ಇಲ್ಲಿಂದಲೇ. ಹೊರಗೆ ಹೋಗುವ ಹಡಗುಗಳು ಸಿಪಾಯಿಗಳನ್ನು ಒಯ್ದರೆ, ಒಳಗೆ ಬರುವವು ಕೈದಿಗಳನ್ನು ತರುತ್ತಿದ್ದವು. 1793ರಿಂದ 1815ರವರೆಗಿನ ಯುದ್ಧಗಳಲ್ಲಿ ಬ್ರಿಟನ್ನಿಗೆ ಬಂದ ಯುದ್ಧಕೈದಿಗಳ ಸಂಖ್ಯೆ ಲಕ್ಷ ಮೀರಿತ್ತು. ಅವರಲ್ಲಿ ದೊಡ್ಡ ಪಾಲು ಕಂಡದ್ದು ಈ ಬಂದರಿನ ನೀರನ್ನೇ.

ಇಟ್ಟ ಜಾಗ ಎರಡು ಬಗೆ. ಬಂದರಿನ ತುದಿಯಲ್ಲಿ ಪೋರ್ಟ್‌ಚೆಸ್ಟರ್ ಕೋಟೆ ಇದೆ. ರೋಮನ್ನರು ಕಟ್ಟಿದ ಗೋಡೆಯೊಳಗೆ ಕೈದಿಗಳಿಗಾಗಿ ಮರದ ಉದ್ದನೆಯ ಮನೆಗಳು ಎದ್ದವು. ಕಿಕ್ಕಿರಿದ ಕಾಲದಲ್ಲಿ ಅಲ್ಲಿ 7,000ಕ್ಕೂ ಹೆಚ್ಚು ಜನರಿದ್ದರು. ಎರಡನೆಯದು ಸೆರೆಹಡಗು. ಮುಪ್ಪಾದ ಯುದ್ಧನೌಕೆಗಳ ಕಂಬ, ಹಾಯಿ, ತೋಪು ತೆಗೆದು ಸಾಲಾಗಿ ನಿಲ್ಲಿಸಿ ನೂರಾರು ಜನರನ್ನು ಒಳಗೆ ತುಂಬುತ್ತಿದ್ದರು. ಇಳಿತದ ಹೊತ್ತಿಗೆ ಸುತ್ತ ಕೆಸರು, ರಾತ್ರಿ ಮುಚ್ಚಿದ ಕಿಂಡಿಗಳ ಹಿಂದೆ ಉಸಿರಿಗೂ ಬರ. ಕೈದಿಗೆ ಕೊಡುತ್ತಿದ್ದ ಬಟ್ಟೆ ಹಳದಿ. ಓಡಿಹೋದರೆ ದೂರದಿಂದಲೇ ಕಾಣಲಿ ಎಂದು ಅದರ ಮೇಲೆ ಕೈದಿಗಳ ಉಸ್ತುವಾರಿಯ ಸಾರಿಗೆ ಕಚೇರಿಯ ಟಿ.ಓ. ಎಂಬ ಮುದ್ರೆ. ಲೂಯಿ ಗಾರ್ನರೆ ಎಂಬ ಫ್ರೆಂಚ್ ನಾವಿಕ 1806ರಲ್ಲಿ ಸಿಕ್ಕಿಬಿದ್ದು ಯುದ್ಧ ಮುಗಿಯುವವರೆಗೆ ಇಲ್ಲಿನ ಸೆರೆಹಡಗುಗಳಲ್ಲಿ ಕಳೆದ. ಅಲ್ಲಿಯೇ ಚಿತ್ರ ಬರೆದು ಮಾರಿ ಹೊಟ್ಟೆ ಹೊರೆದ, ಆಮೇಲೆ ಹೆಸರಾಂತ ಸಮುದ್ರ ಚಿತ್ರಕಾರನಾದ. ಸಾಲಾಗಿ ನಿಂತ ಕಪ್ಪು ಹಡಗುಗಳ ಅವನ ಚಿತ್ರಗಳು ಇಂದಿಗೂ ಉಳಿದಿವೆ.

ಅಧಿಕಾರಿಗಳಿಗೆ ಇನ್ನೊಂದು ದಾರಿ ಇತ್ತು. ಓಡಿಹೋಗುವುದಿಲ್ಲ ಎಂದು ಮಾತು ಕೊಟ್ಟರೆ ಒಳನಾಡಿನ ಗೊತ್ತಾದ ಊರಿನಲ್ಲಿ ಬಾಡಿಗೆ ಮನೆ ಹಿಡಿದು ಇರಬಹುದು. ಹೆದ್ದಾರಿಯಲ್ಲಿ ಒಂದು ಮೈಲಿಯಾಚೆ ಕಾಲಿಡುವಂತಿಲ್ಲ, ಸಂಜೆಗೆ ಮನೆ ಸೇರಬೇಕು. ಟ್ರಫಾಲ್ಗರ್‌ನಲ್ಲಿ ಸೋತ ಅಡ್ಮಿರಲ್ ವಿಲ್ನವ್ ಹೀಗೆ ಇದ್ದದ್ದು ಪೋರ್ಟ್ಸ್‌ಮತ್‌ಗೆ ಹತ್ತಿರದ ಬಿಷಪ್ಸ್ ವಾಲ್ತಮ್‌ನಲ್ಲಿ. ಬಿಡುಗಡೆ ಎಂಬುದು ವಿನಿಮಯದ ಲೆಕ್ಕಕ್ಕೆ ಕಟ್ಟುಬಿದ್ದಿತ್ತು: ಕ್ಯಾಪ್ಟನ್‌ಗೆ ಕ್ಯಾಪ್ಟನ್, ನಾವಿಕನಿಗೆ ನಾವಿಕ. ಎರಡು ಸರ್ಕಾರಗಳ ಜಗಳದಲ್ಲಿ ಲೆಕ್ಕ ನಿಂತರೆ ವರ್ಷಗಳೇ ಉರುಳುತ್ತಿದ್ದವು.

ಆ ವರ್ಷಗಳನ್ನು ಕೈದಿಗಳು ಸುಮ್ಮನೆ ಕಳೆಯಲಿಲ್ಲ. ಊಟದಲ್ಲಿ ಉಳಿದ ಎಲುಬಿನಿಂದ ಹಡಗಿನ ಮಾದರಿ ಕೆತ್ತಿದರು, ಹುಲ್ಲಿನ ಎಳೆಗಳನ್ನು ಬಣ್ಣ ಹಾಕಿ ಪೆಟ್ಟಿಗೆಗಳ ಮೇಲೆ ಅಂಟಿಸಿದರು. ಪೋರ್ಟ್‌ಚೆಸ್ಟರ್‌ನಲ್ಲಿ ಲೇಸ್ ಹೆಣೆಯುವ ಕೆಲಸ ಎಷ್ಟು ಬೆಳೆಯಿತೆಂದರೆ ಸ್ಥಳೀಯ ಹೆಣಿಗೆಯವರು ದೂರಿ ಅದನ್ನು ನಿಲ್ಲಿಸಿದರು. 1810ರ ಸುಮಾರಿಗೆ ಕೋಟೆಯ ಗೋಪುರದ ನೆಲಮಾಳಿಗೆಯಲ್ಲಿ ಸುಮಾರು 300 ಮಂದಿ ಕೂರುವ ರಂಗಮಂದಿರವನ್ನೇ ಕಟ್ಟಿ ನಾಟಕ ಆಡಿದರು. 2017ರಲ್ಲಿ ಅದೇ ಕೋಟೆಯಲ್ಲಿ ಆ ರಂಗವನ್ನು ಮತ್ತೆ ಕಟ್ಟಿ ತೋರಿಸಲಾಯಿತು.

ಇದೇ ಕೋಟೆಗೆ 1796ರ ಅಕ್ಟೋಬರ್‌ನಲ್ಲಿ ವೆಸ್ಟ್ ಇಂಡೀಸಿನ ಸೇಂಟ್ ಲೂಸಿಯಾದಿಂದ ಎರಡು ಸಾವಿರಕ್ಕೂ ಹೆಚ್ಚು ಕೈದಿಗಳು ಬಂದಿಳಿದರು. ಹೆಚ್ಚಿನವರು ಕಪ್ಪು ಜನ. ಫ್ರೆಂಚ್ ಗಣರಾಜ್ಯ ಗುಲಾಮಗಿರಿಯನ್ನು ರದ್ದು ಮಾಡಿದ ಮೇಲೆ ಅದರ ಬಾವುಟದಡಿ ಹೋರಾಡಿದವರು. ಬಿಸಿಲುನಾಡಿನಿಂದ ಬಂದವರಿಗೆ ಮುಂದೆ ಇದ್ದದ್ದು ಇಂಗ್ಲೆಂಡಿನ ಚಳಿಗಾಲ. ಎರಡು ವರ್ಷಗಳ ನಂತರ ಹೈದರಾಬಾದಿನ ದಳದ ಮೇಲೆ ಹಾರುತ್ತಿದ್ದದ್ದೂ ಅದೇ ಬಾವುಟ. ಬಾವುಟ ಒಂದೇ, ಶತ್ರು ಒಬ್ಬನೇ, ಆದರೆ ಸೇಂಟ್ ಲೂಸಿಯಾದವರ ಪರವಾಗಿ ಷರತ್ತು ಹಾಕುವ ಗವರ್ನರ್ ಜನರಲ್ ಯಾರೂ ಇರಲಿಲ್ಲ.

ಕನ್ನಡ ನೆಲಕ್ಕೂ ಈ ಸೆರೆಯ ಕತೆ ಹೊಸದಲ್ಲ. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಹೈದರಾಲಿ, ಟಿಪ್ಪುವಿನ ದಂಡು ಕರ್ನಲ್ ಬೈಲಿಯ ಸೈನ್ಯವನ್ನು ಅಳಿಸಿಹಾಕಿತು. ಬದುಕುಳಿದವರು ಶ್ರೀರಂಗಪಟ್ಟಣದ ಸೆರೆ ಸೇರಿದರು. ಬೈಲಿ 1782ರ ನವೆಂಬರ್‌ನಲ್ಲಿ ಅಲ್ಲಿಯೇ ಸತ್ತ. ಡೇವಿಡ್ ಬೇರ್ಡ್ ಎಂಬ ಯುವ ಅಧಿಕಾರಿ ಮೂರೂವರೆ ವರ್ಷ ಬೇಡಿಯಲ್ಲಿದ್ದು, 1784ರ ಮಾರ್ಚ್‌ನಲ್ಲಿ ಮಂಗಳೂರು ಒಪ್ಪಂದವಾದ ಮೇಲೆ ಹೊರಬಂದ.

ಸಮುದ್ರದ ಕೈದಿಗಳೂ ಇಲ್ಲಿಗೆ ಬಂದಿದ್ದರು. 1782ರಲ್ಲಿ ಫ್ರೆಂಚ್ ಅಡ್ಮಿರಲ್ ಸುಫ್ರೆನ್‌ನ ಕೈಯಲ್ಲಿ ನೂರಾರು ಇಂಗ್ಲಿಷ್ ನಾವಿಕರು ಸಿಕ್ಕಿದ್ದರು. ವಿನಿಮಯಕ್ಕೆ ಮದರಾಸಿನವರು ಒಪ್ಪಲಿಲ್ಲ. ಹೊಟ್ಟೆಗೆ ಹಾಕಲಾಗದೆ ಅವನು ಅವರನ್ನು ಹೈದರಾಲಿಯ ವಶಕ್ಕೆ ಕೊಟ್ಟುಬಿಟ್ಟ. ಅವರಲ್ಲಿ ‘ಹ್ಯಾನಿಬಲ್’ ಹಡಗಿನ ಹುಡುಗ ಜೇಮ್ಸ್ ಸ್ಕರಿಯೂ ಒಬ್ಬ. ಬೆಂಗಳೂರು, ಶ್ರೀರಂಗಪಟ್ಟಣ, ಚಿತ್ರದುರ್ಗ ಎಂದು ಹತ್ತು ವರ್ಷ ಕಳೆದ. ಮತಾಂತರಗೊಂಡ ಸೆರೆಯಾಳುಗಳ ಚೇಲಾ ಪಟಾಲಮಿಗೆ ಸೇರಿಸಲ್ಪಟ್ಟು ಹೊಸ ಧರ್ಮದಲ್ಲಿ ಬೆಳೆದ. ತಪ್ಪಿಸಿಕೊಂಡು ಹೋದವನ ಕಥನ 1824ರಲ್ಲಿ ಪುಸ್ತಕವಾಗಿ ಬಂತು. ಆ ಹುಡುಗ ಹತ್ತು ವರ್ಷ ಕಳೆದುಕೊಂಡದ್ದಕ್ಕೆ ಮೂಲ ಯಾರದೋ ಒಬ್ಬರ ಕ್ರೌರ್ಯವಷ್ಟೇ ಅಲ್ಲ, ವಿನಿಮಯದ ಕಾಗದಕ್ಕೆ ಸಹಿ ಬೀಳದೆ ಹೋದದ್ದು.

ಹೈದರಾಬಾದಿನ ಅಕ್ಟೋಬರ್ ಎದ್ದು ಕಾಣುವುದು ಇಲ್ಲಿಯೇ. ವೆಲ್ಲೆಸ್ಲಿ ದಯಾಳುವೆಂದು ಹೊಗಳಬೇಕಾಗಿಲ್ಲ. ಅವನು ರಾಜ್ಯಗಳನ್ನು ನುಂಗಿದವನು. ಗೌರವದಿಂದ ಊರಿಗೆ ಕಳಿಸುತ್ತಾರೆಂಬ ಭರವಸೆ ಇದ್ದರೆ ಫ್ರೆಂಚರು ಕತ್ತಿ ಎತ್ತುವುದಿಲ್ಲ ಎಂಬ ಲೆಕ್ಕವೂ ಅವನ ಷರತ್ತಿನಲ್ಲಿತ್ತು. ಆದರೂ ಹುಟ್ಟಿದ ದೇಶದ ಕಾರಣಕ್ಕೆ ಮನುಷ್ಯನನ್ನು ಕೊಳೆಸದೆಯೂ ಯುದ್ಧ ನಡೆಸಬಹುದು ಎಂಬುದನ್ನು ಆ 124 ಮಂದಿಯ ಪ್ರಯಾಣ ತೋರಿಸಿಕೊಟ್ಟಿತು. ಪೋರ್ಟ್ಸ್‌ಮತ್‌ನ ಸೆರೆಹಡಗುಗಳಲ್ಲಿ ಕೆಮ್ಮಿ ಸತ್ತ ನಾವಿಕರಿಗೂ ಅಂಥದೇ ನಾಲ್ಕು ಸಾಲಿನ ಷರತ್ತು ಸಾಕಾಗುತ್ತಿತ್ತು.

ಶಸ್ತ್ರ ಕೆಳಗಿಟ್ಟ ಸಿಪಾಯಿಗಳು ಯಾವ ಕೈದಿಗಳ ಪಟ್ಟಿಯಲ್ಲೂ ಇಲ್ಲ. ದಳದ ಬಾವುಟಗಳನ್ನು ಮಾಲ್ಕಮ್ ಕಲ್ಕತ್ತೆಗೆ ಒಯ್ದು ವೆಲ್ಲೆಸ್ಲಿಯ ಮುಂದೆ ಇಟ್ಟ. ಕೆಲವೇ ತಿಂಗಳಲ್ಲಿ ನಿಜಾಮನ ಸೈನ್ಯ ಮೈಸೂರಿನ ಮೇಲೆ ಹೊರಟಾಗ ರೇಮಂಡನ ಹಳೆಯ ಸಿಪಾಯಿಗಳಲ್ಲಿ ಅನೇಕರು ಮತ್ತೆ ಸಾಲು ಕಟ್ಟಿದ್ದರು. ಈ ಸಲ ಅವರ ಮೇಲ್ವಿಚಾರಣೆ, ಅವರದೇ ಗುಂಪು ಮುತ್ತಿದ್ದ ಮಾಲ್ಕಮ್‌ನದು. ಹೈದರಾಬಾದಿನ ದಂಡಿನ ನಾಯಕತ್ವ ತನಗೆ ಸಿಗುವುದೆಂದು ಬೇರ್ಡ್ ಆಸೆಪಟ್ಟಿದ್ದ. ಅದು ಗವರ್ನರ್ ಜನರಲ್‌ನ ತಮ್ಮ ಆರ್ಥರ್ ವೆಲ್ಲೆಸ್ಲಿಯ ಪಾಲಾಯಿತು.

1799ರ ಮೇ 4ರ ಮಧ್ಯಾಹ್ನ ಶ್ರೀರಂಗಪಟ್ಟಣದ ಕೋಟೆಯ ಬಿರುಕಿಗೆ ನುಗ್ಗಿದ ದಂಡಿನ ಮುಂದೆ ಇದ್ದವನು ಬೇರ್ಡ್. ಒಂದು ಕಾಲಕ್ಕೆ ಬೇಡಿ ತೊಟ್ಟು ಕೂತಿದ್ದ ಊರಿನೊಳಕ್ಕೆ ಅವನು ಕತ್ತಿ ಹಿಡಿದು ಹೋದ. ಅಂದು ಸಂಜೆಯೊಳಗೆ ಟಿಪ್ಪು ಸುಲ್ತಾನ ಕೋಟೆಯ ದಿಡ್ಡಿ ಬಾಗಿಲ ಬಳಿ ಹೆಣವಾಗಿ ಬಿದ್ದಿದ್ದ.

ಅಸ್ಮಾನ್‌ಗಢದಲ್ಲಿ ಮೂಸಾ ರಹೀಂನ ಸಮಾಧಿಗೆ ಜನ ಆಮೇಲೆಯೂ ಬಹುಕಾಲ ನಡೆದುಕೊಂಡರು. ಅವನು ಸತ್ತ ದಿನ ಉರುಸು ಸೇರುತ್ತಿತ್ತು, ದೀಪ ಹಚ್ಚುತ್ತಿದ್ದರು. ಎಂಟಾಣೆ ಬಾಡಿಗೆಯ ಬಂದೂಕಿನಿಂದ ಶುರುವಾದ ಸೈನ್ಯದ ಯಜಮಾನ ಅಲ್ಲಿ ಮಲಗಿದ್ದಾನೆ. ಕೆಳಗೆ, ಮೂಸಾರಾಂಬಾಗ್ ನಿಲ್ದಾಣದಲ್ಲಿ, ಸಂಜೆ ಕೆಲಸ ಮುಗಿಸಿದವರು ಇಳಿದು ಮನೆಯ ಕಡೆ ಹೊರಡುತ್ತಾರೆ.